ಗುರುತಿನ ಚೀಟಿ ಕೈಯಲ್ಲಿತ್ತು, ಪಟ್ಟಿಯಲ್ಲಿ ಹೆಸರಿರಲಿಲ್ಲ: ಅಮ್ಮನ ಹೆಸರನ್ನು ಮತ್ತೆ ಸೇರಿಸುವುದು ಹೇಗೆ?

ಹೊಳೆದಂಡೆ (ಪ್ರಶ್ನೆ ಕೇಳಿದವರು):

ಎಲ್ಲರಿಗೂ ನಮಸ್ಕಾರ. ನಮ್ಮದು ತುಂಗಭದ್ರೆಯ ದಂಡೆಯ ಒಂದು ಹಳ್ಳಿ. ಅಮ್ಮನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಮದುವೆಯಾಗಿ ಈ ಮನೆಯ ಹೊಸ್ತಿಲು ತುಳಿದ ಮೇಲೆ ಅವರು ಬೇರೆಲ್ಲೂ ಸಂಸಾರ ಹೂಡಿದವರಲ್ಲ. ಊರಿನ ಶಾಲೆಯ ಮತಗಟ್ಟೆಯಲ್ಲಿ ಒಂದು ಚುನಾವಣೆಯನ್ನೂ ತಪ್ಪಿಸದೆ ಮತ ಹಾಕುತ್ತ ಬಂದಿದ್ದಾರೆ. 2023ರ ಕೊನೆಯಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಕರೆದುಕೊಂಡು ಬಂದೆ. ಎರಡೂ ಕಣ್ಣುಗಳಿಗೆ ಒಂದಾದ ಮೇಲೊಂದರಂತೆ ಮಾಡಬೇಕಾಗಿ ಬಂದುದರಿಂದ ಸುಮಾರು ನಾಲ್ಕು ತಿಂಗಳು ನನ್ನ ಮನೆಯಲ್ಲಿಯೇ ಉಳಿದರು. ಯುಗಾದಿಯ ಹೊತ್ತಿಗೆ ಊರಿಗೆ ಮರಳಿದರು.

2024ರ ಮೇ 7ರಂದು ಲೋಕಸಭೆಗೆ ಮತದಾನ. ಬಿಸಿಲೇರುವ ಮೊದಲೇ ಅಮ್ಮನನ್ನು ಕರೆದುಕೊಂಡು ಮತಗಟ್ಟೆಗೆ ಹೋದೆವು. ರೇಷನ್ ಕಾರ್ಡು, ಪಿಂಚಣಿಯ ಪಾಸ್‌ಬುಕ್ಕು ಇಟ್ಟುಕೊಳ್ಳುವ ಪ್ಲಾಸ್ಟಿಕ್ ಕವರಿನಿಂದ ಅಮ್ಮ ಗುರುತಿನ ಚೀಟಿಯನ್ನು ತೆಗೆದು ಕೊಟ್ಟರು. ಮೇಜಿನ ಬಳಿ ಕುಳಿತಿದ್ದ ಅಧಿಕಾರಿ ಪಟ್ಟಿಯ ಮೇಲೆ ಸ್ಕೇಲು ಇಟ್ಟು ಒಂದೊಂದೇ ಹೆಸರನ್ನು ನೋಡುತ್ತ ಬಂದು, ಒಂದು ಕಡೆ ನಿಲ್ಲಿಸಿ, ಪುಟವನ್ನು ನಮ್ಮ ಕಡೆಗೆ ತಿರುಗಿಸಿದರು. ಅಮ್ಮನ ಹೆಸರಿದ್ದ ಚೌಕದ ಮೇಲೆ ಅಡ್ಡವಾಗಿ ‘ಡಿಲೀಟೆಡ್’ ಎಂದು ಅಚ್ಚಾಗಿತ್ತು, ಪಕ್ಕದಲ್ಲಿ ‘ಎಸ್’ ಎಂಬ ಅಕ್ಷರವಿತ್ತು. ಹಾಗೆಂದರೆ ಸ್ಥಳಾಂತರಗೊಂಡವರು ಎಂದರ್ಥ, ನಾವೇನೂ ಮಾಡಲಾಗದು ಎಂದು ಅವರು ತಿಳಿಸಿದರು. ಚೀಟಿ ಕೈಯಲ್ಲಿರುವಾಗ ಮತ ಏಕಿಲ್ಲ ಎಂದು ನಾನು ಎಷ್ಟು ಕೇಳಿದರೂ ಪ್ರಯೋಜನವಾಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅಮ್ಮ, “ಇದ್ದೂ ಇಲ್ಲದವರ ಲೆಕ್ಕಕ್ಕೆ ಹಾಕಿಬಿಟ್ರಲ್ಲವ್ವ ನನ್ನ” ಎಂದರು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅದೇ ದಿನ ಅಣ್ಣನಿಗೂ ಮತ ಹಾಕಲಾಗಲಿಲ್ಲ. ಅವನು ಅಕ್ಕಿ ಗಿರಣಿಯೊಂದರಲ್ಲಿ ಕೆಲಸ ಮಾಡುತ್ತಾನೆ, ಮಧ್ಯಾಹ್ನದ ಮೇಲಷ್ಟೇ ಬಿಟ್ಟರು. ಅವನು ಹೋಗುವಷ್ಟರಲ್ಲಿ ಅವನ ಹೆಸರಿನ ಮುಂದೆ ಗುರುತು ಬಿದ್ದಿತ್ತು. “ನಿಮ್ಮ ಮತ ಆಗಿಹೋಗಿದೆ” ಎಂದು ಹೇಳಿ ಕಳುಹಿಸಿದರು. ಅವನ ಬೆರಳಿನಲ್ಲಿ ಶಾಯಿಯ ಚುಕ್ಕೆಯೂ ಇರಲಿಲ್ಲ.

ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದರೆ ‘ಹೊಸದಾಗಿ ಅರ್ಜಿ ಹಾಕಿ’ ಎಂಬ ಒಂದೇ ಉತ್ತರ. ನನ್ನ ಪ್ರಶ್ನೆಗಳು ಇಷ್ಟು. ಅಮ್ಮನಿಗೆ ಒಂದು ಮಾತೂ ತಿಳಿಸದೆ ಹೆಸರನ್ನು ತೆಗೆದುಹಾಕಲು ಕಾನೂನಿನಲ್ಲಿ ಅವಕಾಶವಿದೆಯೇ? ಮತ್ತೆ ಸೇರಿಸಲು ಯಾವ ನಮೂನೆ ಸರಿ? ಅಣ್ಣನ ಸಂದರ್ಭದಲ್ಲಿ ಅವನು ಏನು ಕೇಳಬೇಕಿತ್ತು? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಹಳೆಯ ಮೇಷ್ಟ್ರು:

ಹೊಳೆದಂಡೆಯವರೇ, ನಾನು ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದಾಗ ಹಲವು ವರ್ಷ ಬೂತ್ ಮಟ್ಟದ ಅಧಿಕಾರಿಯ (ಬಿಎಲ್‌ಒ) ಕೆಲಸವನ್ನೂ ಮಾಡಿದ್ದೇನೆ. ನಿಮ್ಮ ತಾಯಿಯವರ ಮಾತನ್ನು ಓದಿ ನೋವಾಯಿತು. ಬಿಎಲ್‌ಒ ಮನೆ ಮನೆಗೆ ಬಂದಾಗ ಬಾಗಿಲಿಗೆ ಬೀಗವಿದ್ದರೆ, ಪಕ್ಕದ ಮನೆಯವರು “ಮಗಳ ಮನೆಗೆ ಹೋಗಿದಾರೆ, ಅಲ್ಲೇ ಇರ್ತಾರಂತೆ” ಎಂದರೆ, ಆ ಒಂದು ಮಾತಿನ ಮೇಲೆ ಷರಾ ಬರೆದುಬಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ತಪ್ಪು. ನೆರೆಯವರ ಮಾತು ವಿಚಾರಣೆ ಆರಂಭಿಸುವುದಕ್ಕೆ ಕಾರಣವಾಗಬಹುದೇ ಹೊರತು ಹೆಸರನ್ನು ತೆಗೆಯುವುದಕ್ಕೆ ಸಾಕಾಗದು.

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ನಮ್ಮಲ್ಲಿ ಬಹಳ ಜನರು ಗುರುತಿನ ಚೀಟಿಯೇ ಮತದ ಹಕ್ಕು ಎಂದು ತಿಳಿದಿದ್ದಾರೆ. ಚೀಟಿ ನೀವು ಯಾರೆಂಬುದನ್ನಷ್ಟೇ ಹೇಳುತ್ತದೆ. ಮತ ಹಾಕುವ ಅರ್ಹತೆಯನ್ನು ಕೊಡುವುದು ಮತದಾರರ ಪಟ್ಟಿ. ಚೀಟಿ ಕಳೆದುಹೋದರೂ ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ಪ್ಯಾನ್ ಕಾರ್ಡು, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಭಾವಚಿತ್ರವಿರುವ ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್‌ಬುಕ್ಕು, ಉದ್ಯೋಗ ಖಾತರಿಯ ಜಾಬ್ ಕಾರ್ಡು ಮುಂತಾದ ಆಯೋಗವು ಒಪ್ಪಿರುವ ದಾಖಲೆಗಳಲ್ಲಿ ಒಂದನ್ನು ತೋರಿಸಿ ಮತ ಹಾಕಬಹುದು. ಚೀಟಿ ಹೊಚ್ಚಹೊಸದಾಗಿದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲ. ಮನೆಗೆ ಬರುವ ಮತದಾರರ ಮಾಹಿತಿ ಚೀಟಿಯೂ ಅಷ್ಟೆ. ಅದನ್ನೊಂದನ್ನೇ ಗುರುತಿನ ದಾಖಲೆಯಾಗಿ 2019ರಿಂದ ಒಪ್ಪುತ್ತಿಲ್ಲ.

ಇನ್ನು ನಮೂನೆಗಳು. ಪಟ್ಟಿಗೆ ಹೆಸರು ಸೇರಿಸಲು ನಮೂನೆ 6. ಇರುವ ಹೆಸರಿಗೆ ಆಕ್ಷೇಪಿಸಲು ಅಥವಾ ತೆಗೆಸಲು ನಮೂನೆ 7. ವಿಳಾಸ ಬದಲಾವಣೆ, ತಿದ್ದುಪಡಿ, ಹೊಸ ಚೀಟಿ ಇವೆಲ್ಲಕ್ಕೂ ಈಗ ನಮೂನೆ 8. ನಿಮ್ಮ ತಾಯಿಯವರ ಹೆಸರು ಈಗಾಗಲೇ ಅಳಿಸಿಹೋಗಿರುವುದರಿಂದ ನಮೂನೆ 8 ನಡೆಯದು, ನಮೂನೆ 6ನ್ನೇ ಹಾಕಬೇಕು. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಅಥವಾ ಪೋರ್ಟಲಿನಲ್ಲಿ ಹಾಕಿದರೆ ಉಲ್ಲೇಖ ಸಂಖ್ಯೆ ಬರುತ್ತದೆ. ಕಾಗದದಲ್ಲಿ ಕೊಟ್ಟರೆ ನಮೂನೆಯ ಕೆಳಗೆ ಸ್ವೀಕೃತಿಯ ಭಾಗವಿರುತ್ತದೆ. ಅದಕ್ಕೆ ಸಹಿ, ದಿನಾಂಕ ಹಾಕಿಸಿಕೊಂಡು ಹರಿದು ತೆಗೆದುಕೊಳ್ಳದೆ ಕಚೇರಿಯಿಂದ ಹೊರಗೆ ಕಾಲಿಡಬೇಡಿ. ನನ್ನ ಅನುಭವದಲ್ಲಿ ಸ್ವೀಕೃತಿಯಿಲ್ಲದ ಅರ್ಜಿ ಕಳೆದುಹೋಗುತ್ತದೆ, ಸ್ವೀಕೃತಿಯಿರುವ ಅರ್ಜಿಗೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ.

ಸಮಯದ ಬಗ್ಗೆಯೂ ಹೇಳಬೇಕು. ಪಟ್ಟಿಗೆ ಸೇರುವುದಕ್ಕೆ ಚುನಾವಣೆ ಘೋಷಣೆಯಾಗಲಿ ಎಂದು ಕಾಯುವವರೇ ಹೆಚ್ಚು. ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಆ ಚುನಾವಣೆಗೆ ಹೆಸರನ್ನು ಸೇರಿಸುವಂತಿಲ್ಲ, ತೆಗೆಯುವಂತೆಯೂ ಇಲ್ಲ. ನಿಮ್ಮ ಭಾಗದ ಚುನಾವಣೆಗೆ ಆ ದಿನ 2024ರ ಏಪ್ರಿಲ್ 19 ಆಗಿತ್ತು. ಅರ್ಜಿಯ ಮೇಲೆ ಆಕ್ಷೇಪಣೆಗೆಂದು ಕಾಯಬೇಕಾದ ಏಳು ದಿನಗಳಿರುವುದರಿಂದ, ವಾಸ್ತವದಲ್ಲಿ ಅದಕ್ಕೂ ಹತ್ತು ದಿನ ಮೊದಲೇ ಅರ್ಜಿ ಕಚೇರಿಯಲ್ಲಿರಬೇಕು. ನಿಮ್ಮ ತಾಯಿ ಯುಗಾದಿಗೆ ಊರಿಗೆ ಮರಳಿದಾಗ, ಅಂದರೆ ಏಪ್ರಿಲ್ 9ರ ಸುಮಾರಿಗೆ, ಒಮ್ಮೆ ಪಟ್ಟಿಯನ್ನು ನೋಡಿದ್ದರೆ ಕೂದಲೆಳೆಯ ಅಂತರದಲ್ಲಿ ಉಳಿಸಿಕೊಳ್ಳಬಹುದಿತ್ತು. ನಿಮ್ಮನ್ನು ದೂರುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ, ಓದುತ್ತಿರುವ ಉಳಿದವರು ಇಂದೇ ತಮ್ಮ ಮನೆಯವರ ಹೆಸರುಗಳನ್ನು ನೋಡಿಕೊಳ್ಳಲಿ ಎಂದು ಹೇಳುತ್ತಿದ್ದೇನೆ. 1950 ಎಂಬ ಸಹಾಯವಾಣಿಗೆ ಕರೆ ಮಾಡಿಯೂ ವಿಚಾರಿಸಬಹುದು. ಗ್ರಾಮ ಪಂಚಾಯಿತಿ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗವಾದರೂ ಅದರ ಪಟ್ಟಿ ತಯಾರಾಗುವುದು ಈ ವಿಧಾನಸಭಾ ಪಟ್ಟಿಯಿಂದಲೇ. ಇಲ್ಲಿ ಹೆಸರು ಹೋದರೆ ಅಲ್ಲಿಯೂ ಹೋದಂತೆ.

ನಮೂನೆ 7ರ ವಿಚಾರದಲ್ಲಿ ಕಲಬುರಗಿ ಜಿಲ್ಲೆಯ ಆಳಂದವನ್ನು ಮರೆಯಬಾರದು. 2023ರ ವಿಧಾನಸಭಾ ಚುನಾವಣೆಗೆ ಮೊದಲು ಅಲ್ಲಿ ಹೆಸರು ತೆಗೆಯುವಂತೆ ಕೋರಿ 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದಿದ್ದವು. ಸ್ಥಳಕ್ಕೆ ಹೋಗಿ ಪರಿಶೀಲಿಸಿದಾಗ ಸರಿಯಿದ್ದವು 24 ಮಾತ್ರ. ಉಳಿದ 5,994ನ್ನು ತಿರಸ್ಕರಿಸಿ ಪೊಲೀಸರಿಗೆ ದೂರು ಕೊಡಲಾಯಿತು. ಮನೆ ಬಾಗಿಲಿಗೆ ಹೋಗಿ ಕೇಳಿದ್ದರಿಂದಲೇ ಅಷ್ಟು ಹೆಸರುಗಳು ಉಳಿದವು. ಬಿಎಲ್‌ಒ ಕೆಲಸವನ್ನು ಹಗುರವಾಗಿ ಕಾಣುವ ನನ್ನ ಕಿರಿಯ ಸಹೋದ್ಯೋಗಿಗಳಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತಿರುತ್ತೇನೆ.

ಸಂಪಿಗೆ ಮರ:

ಇಷ್ಟೆಲ್ಲ ತೊಂದರೆ ಏಕೆ? ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ಅಥವಾ ಗುರುತಿನ ಚೀಟಿಯನ್ನು ತೋರಿಸಿ, ಸೆಕ್ಷನ್ 49ಎ ಅಡಿಯಲ್ಲಿ ‘ಚಾಲೆಂಜ್ ವೋಟ್’ ಕೇಳಿದರೆ ಕೊಡಲೇಬೇಕೆಂದು ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿ ಚುನಾವಣೆಗೂ ಸಂದೇಶ ಬರುತ್ತದೆ. ಒಂದು ಮತಗಟ್ಟೆಯಲ್ಲಿ ಟೆಂಡರ್ಡ್ ಮತಗಳು ಶೇ. 14ಕ್ಕಿಂತ ಹೆಚ್ಚಾದರೆ ಮರುಮತದಾನ ನಡೆಸುತ್ತಾರೆ ಎಂದೂ ಅದರಲ್ಲಿತ್ತು. ನಾನೂ ಹಲವರಿಗೆ ಕಳುಹಿಸಿದ್ದೇನೆ.

ಮಸ್ಟರಿಂಗ್ ರಾತ್ರಿ:

ಸಂಪಿಗೆ ಮರದವರೇ, ಒಳ್ಳೆಯ ಉದ್ದೇಶದಿಂದಲೇ ಕಳುಹಿಸಿದ್ದೀರಿ ಎಂದು ಬಲ್ಲೆ. ಆದರೆ ಆ ಸಂದೇಶ ಸುಳ್ಳು, ಚುನಾವಣಾ ಆಯೋಗವೇ ಅದನ್ನು ನಿರಾಕರಿಸಿದೆ. ಐದು ಚುನಾವಣೆಗಳಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಆ ಸಂದೇಶವನ್ನು ನಂಬಿ ಬಂದವರನ್ನು ಹಿಂದೆ ಕಳುಹಿಸುವುದು ನಮಗೆ ಅತ್ಯಂತ ಕಷ್ಟದ ಕೆಲಸ. ಪಟ್ಟಿಯಲ್ಲಿ ಹೆಸರಿಲ್ಲದವರು ಮತ ಹಾಕುವಂತಿಲ್ಲ ಎಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಸೆಕ್ಷನ್ ಹೇಳುತ್ತದೆ. ಹೊಳೆದಂಡೆಯವರ ತಾಯಿಯ ವಿಷಯದಲ್ಲಿ ಆ ದಿನ ಮತಗಟ್ಟೆಯ ಸಿಬ್ಬಂದಿ ಬೇರೇನನ್ನೂ ಮಾಡುವಂತಿರಲಿಲ್ಲ. ತಪ್ಪು ನಡೆದದ್ದು ಅದಕ್ಕೂ ಮೊದಲು, ಬೇರೊಂದು ಮೇಜಿನ ಮೇಲೆ.

ಚಾಲೆಂಜ್ ಎಂಬುದು ಇದೆ, ಆದರೆ ಅದರ ಅರ್ಥವೇ ಬೇರೆ. ಮತ ಹಾಕಲು ಬಂದವರು ಪಟ್ಟಿಯಲ್ಲಿರುವ ವ್ಯಕ್ತಿಯಲ್ಲ ಎಂದು ಅಭ್ಯರ್ಥಿಯ ಏಜೆಂಟರಿಗೆ ಅನುಮಾನ ಬಂದರೆ 2 ರೂಪಾಯಿ ಠೇವಣಿಯಿಟ್ಟು ಆಕ್ಷೇಪಿಸಬಹುದು. ಆಗ ಅಧ್ಯಕ್ಷಾಧಿಕಾರಿ ಅಲ್ಲಿಯೇ ವಿಚಾರಣೆ ಮಾಡುತ್ತಾರೆ. ಅದು ಏಜೆಂಟರು ಮತದಾರರನ್ನು ಪ್ರಶ್ನಿಸುವ ದಾರಿ, ಹೆಸರಿಲ್ಲದವರು ಮತ ಪಡೆಯುವ ದಾರಿಯಲ್ಲ.

ಅಣ್ಣನವರ ಸಂಗತಿ ಹಾಗಲ್ಲ. ಅಲ್ಲಿ ಸಿಬ್ಬಂದಿಯದೇ ತಪ್ಪು. ಪಟ್ಟಿಯಲ್ಲಿ ಹೆಸರಿದ್ದು, ಬೇರೆ ಯಾರೋ ಆ ಹೆಸರಿನಲ್ಲಿ ಈಗಾಗಲೇ ಮತ ಹಾಕಿದ್ದರೆ, ನಿಜವಾದ ಮತದಾರರನ್ನು ಬರಿಗೈಯಲ್ಲಿ ಕಳುಹಿಸುವಂತಿಲ್ಲ. 1961ರ ಚುನಾವಣೆ ನಡೆಸುವ ನಿಯಮಗಳ 49ಪಿ ನಿಯಮದಂತೆ ಅವರಿಗೆ ಟೆಂಡರ್ಡ್ ಮತಪತ್ರವನ್ನು ಕೊಡಬೇಕು. ಗುರುತಿನ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಅವರು ಸರಿಯಾಗಿ ಉತ್ತರಿಸಿದ ಮೇಲೆ, ನಮೂನೆ 17ಬಿಯಲ್ಲಿ ಹೆಸರು ಬರೆಸಿ ಸಹಿ ಹಾಕಿಸಿಕೊಂಡು, ಯಂತ್ರದಲ್ಲಿ ಅಲ್ಲ, ಕಾಗದದ ಮತಪತ್ರದಲ್ಲಿ ಬಾಣದ ಗುರುತಿನ ಮೊಹರಿನಿಂದ ಮತ ಹಾಕಿಸುತ್ತೇವೆ. ಅದನ್ನು ಮಡಿಸಿ ಪ್ರತ್ಯೇಕ ಲಕೋಟೆಯಲ್ಲಿಡುತ್ತೇವೆ. ಇದಕ್ಕೆಂದೇ ಪ್ರತಿ ಮತಗಟ್ಟೆಗೂ ಮಸ್ಟರಿಂಗ್ ದಿನ, ಅಂದರೆ ಸಿಬ್ಬಂದಿಗೆ ಮತದಾನದ ಸಾಮಗ್ರಿ ಹಂಚುವ ದಿನ, 20 ಮತಪತ್ರಗಳನ್ನು ಕೊಟ್ಟಿರುತ್ತಾರೆ. ಆದ್ದರಿಂದ ನಮ್ಮ ಹತ್ತಿರ ಇಲ್ಲ ಎಂಬ ಉತ್ತರವನ್ನು ಯಾರೂ ಒಪ್ಪಿಕೊಳ್ಳಬೇಕಾಗಿಲ್ಲ. “ನನಗೆ ಟೆಂಡರ್ಡ್ ಮತಪತ್ರ ಕೊಡಿ, ಬೆರಳು ನೋಡಿ, ಶಾಯಿಯಿಲ್ಲ” ಎಂದು ಅಧ್ಯಕ್ಷಾಧಿಕಾರಿಯನ್ನೇ ನೇರವಾಗಿ ಕೇಳಬೇಕು. ಸಾಲಿನ ಮೊದಲ ಮೇಜಿನವರೊಡನೆ ವಾದಿಸಿ ಮರಳುವವರೇ ಹೆಚ್ಚು. ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ.

ಒಂದು ಸತ್ಯವನ್ನು ಮುಚ್ಚಿಡಬಾರದು. ಟೆಂಡರ್ಡ್ ಮತವನ್ನು ಎಣಿಕೆಯ ದಿನ ಎಣಿಸುವುದಿಲ್ಲ. ಚುನಾವಣಾ ತಕರಾರು ಅರ್ಜಿ ನ್ಯಾಯಾಲಯಕ್ಕೆ ಹೋದಾಗ ಮಾತ್ರ ಆ ಲಕೋಟೆಗೆ ಬೆಲೆ ಬರುತ್ತದೆ. ಹಾಗಾದರೆ ಏಕೆ ಬೇಕೆಂದು ಕೇಳಬಹುದು. 2008ರಲ್ಲಿ ರಾಜಸ್ಥಾನದ ನಾಥದ್ವಾರ ಕ್ಷೇತ್ರದ ಫಲಿತಾಂಶ ಒಂದೇ ಮತದಲ್ಲಿ ತೀರ್ಮಾನವಾದಾಗ ಟೆಂಡರ್ಡ್ ಮತಗಳ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಮ್ಮಲ್ಲಿಯೇ 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದು ಮತದ ಅಂತರ, 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ 16 ಮತಗಳ ಅಂತರ. ಇದಲ್ಲದೆ, ಆ ಹೆಸರಿನಲ್ಲಿ ಸುಳ್ಳು ಮತ ಬಿದ್ದಿದೆ ಎಂಬುದಕ್ಕೆ ಸರ್ಕಾರಿ ದಾಖಲೆಯಲ್ಲಿ ಉಳಿಯುವ ಸಾಕ್ಷಿ ನಮೂನೆ 17ಬಿಯಲ್ಲಿನ ನಿಮ್ಮ ಸಹಿ. ಮತ್ತೊಬ್ಬರ ಹೆಸರಿನಲ್ಲಿ ಮತ ಹಾಕುವುದು ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧ.

ಇನ್ನೆರಡು ಮಾತು. ಪಟ್ಟಿಯಲ್ಲಿ ಹೆಸರಿದ್ದು, ಗೈರುಹಾಜರು, ಸ್ಥಳಾಂತರ ಅಥವಾ ಮೃತ ಎಂಬ ಪ್ರತ್ಯೇಕ ಪಟ್ಟಿಯಲ್ಲಿ, ನಾವು ಎಎಸ್‌ಡಿ ಪಟ್ಟಿ ಎನ್ನುವುದರಲ್ಲಿ, ಗುರುತಾಗಿದ್ದರೆ ಮತ ಹೋಯಿತು ಎಂದು ತಿಳಿಯಬೇಡಿ. ಗುರುತಿನ ದಾಖಲೆಯನ್ನು ಹೆಚ್ಚಿನ ಎಚ್ಚರದಿಂದ ಪರಿಶೀಲಿಸಿ, ಘೋಷಣೆ ಬರೆಸಿಕೊಂಡು ಮತ ಹಾಕಲು ಬಿಡಬೇಕು. ಹಾಗೆಯೇ ಮತದಾನ ಮುಗಿಯುವ ಹೊತ್ತಿಗೆ ಸಾಲಿನಲ್ಲಿ ನಿಂತಿರುವ ಎಲ್ಲರಿಗೂ ಹಿಂದಿನಿಂದ ಮುಂದಕ್ಕೆ ಚೀಟಿ ಹಂಚುತ್ತೇವೆ. ಚೀಟಿ ಪಡೆದವರೆಲ್ಲರೂ ರಾತ್ರಿಯಾದರೂ ಮತ ಹಾಕಬಹುದು. ಗಿರಣಿಯ ವಿಷಯಕ್ಕೆ ಬಂದರೆ, ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂಬುದು ಕಾಯ್ದೆಯ 135ಬಿ ಸೆಕ್ಷನ್. ದಿನಗೂಲಿಯವರಿಗೂ ಅದು ಅನ್ವಯಿಸುತ್ತದೆ. ಮೀರಿದ ಮಾಲೀಕರಿಗಿರುವ ದಂಡ ಕೇವಲ 500 ರೂಪಾಯಿಯವರೆಗೆ ಎಂಬುದು ನನಗೆ ಬೇಸರದ ಸಂಗತಿ, ಆದರೂ ಹಕ್ಕು ಹಕ್ಕೇ. ಮುಂದಿನ ಬಾರಿ ಅಣ್ಣನವರು ಒಂದು ವಾರ ಮೊದಲೇ ಬರವಣಿಗೆಯಲ್ಲಿ ಕೇಳಲಿ.

ಕರಿಕೋಟು:

ವಕೀಲ ವೃತ್ತಿಯಲ್ಲಿರುವುದರಿಂದ ಮೊದಲ ಪ್ರಶ್ನೆಗೆ ಉತ್ತರಿಸಲು ಬಯಸುತ್ತೇನೆ, ಏಕೆಂದರೆ ಮೂಲ ಅನ್ಯಾಯವಿರುವುದು ಅಲ್ಲಿಯೇ. ಯಾವುದೇ ಮಾಹಿತಿ ಕೊಡದೆ ಹೆಸರು ತೆಗೆಯಲು ಅವಕಾಶವಿಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಒಬ್ಬ ವ್ಯಕ್ತಿ ಕ್ಷೇತ್ರದ ಸಾಮಾನ್ಯ ನಿವಾಸಿಯಾಗಿ ಉಳಿದಿಲ್ಲ ಎಂಬ ಕಾರಣಕ್ಕೆ ಹೆಸರನ್ನು ತೆಗೆಯುವ ಮೊದಲು, ಮತದಾರರ ನೋಂದಣಾಧಿಕಾರಿಯು ಆ ವ್ಯಕ್ತಿಗೆ ತನ್ನ ಮಾತನ್ನು ಹೇಳಿಕೊಳ್ಳಲು ಸಾಕಷ್ಟು ಅವಕಾಶ ಕೊಡಲೇಬೇಕು. ಯಾರೋ ನಮೂನೆ 7 ಹಾಕಿರಲಿ, ಅಧಿಕಾರಿಯೇ ಸ್ವಯಂಪ್ರೇರಿತವಾಗಿ ಆರಂಭಿಸಿರಲಿ, ಈ ನಿಯಮಕ್ಕೆ ವಿನಾಯಿತಿಯಿಲ್ಲ. ಅದಕ್ಕಿಂತ ಮುಖ್ಯವಾಗಿ ನಿಮ್ಮ ತಾಯಿಯವರ ಪರವಾಗಿ ನಿಲ್ಲುವುದು 20ನೇ ಸೆಕ್ಷನ್ನಿನ 1ಎ ಉಪಸೆಕ್ಷನ್. ತಾತ್ಕಾಲಿಕವಾಗಿ ಊರು ಬಿಟ್ಟು ಹೋದ ಮಾತ್ರಕ್ಕೆ ಒಬ್ಬರು ಅಲ್ಲಿನ ಸಾಮಾನ್ಯ ನಿವಾಸಿಯಲ್ಲದೆ ಹೋಗುವುದಿಲ್ಲ ಎಂದು ಅದು ಹೇಳುತ್ತದೆ. ಕಣ್ಣಿನ ಚಿಕಿತ್ಸೆಗೆ ನಾಲ್ಕು ತಿಂಗಳು ಮಗಳ ಮನೆಯಲ್ಲಿದ್ದುದು ಇದಕ್ಕೆ ಪಾಠಪುಸ್ತಕದಲ್ಲಿ ಕೊಡಬಹುದಾದಂಥ ಉದಾಹರಣೆ. ಆಸ್ಪತ್ರೆಯ ಬಿಡುಗಡೆ ಪತ್ರವನ್ನು ಜೋಪಾನವಾಗಿಡಿ.

ಮುಂಬೈ ಮತ್ತು ದೆಹಲಿಯಲ್ಲಿ ಪಟ್ಟಿಯಲ್ಲಿದ್ದ ಜನರಿಗೆ ಪೌರತ್ವ ಸಾಬೀತುಪಡಿಸುವಂತೆ ನೋಟಿಸ್ ಕೊಟ್ಟ ಪ್ರಕರಣದಲ್ಲಿ, 1995ರ ಲಾಲ್ ಬಾಬು ಹುಸೇನ್ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು. ಒಬ್ಬರ ಹೆಸರು ಹಿಂದಿನ ಪಟ್ಟಿಯಲ್ಲಿ ಇದ್ದುದಕ್ಕೆ ಸಾಕ್ಷ್ಯದ ಬೆಲೆಯಿದೆ, ಅದನ್ನು ತೆಗೆಯಬೇಕಾದರೆ ಕಾರಣ ತಿಳಿಸಿ, ಅವರ ಮಾತನ್ನು ಕೇಳಿ, ಅವರು ಕೊಡುವ ದಾಖಲೆಗಳನ್ನು ನೋಡಿ ತೀರ್ಮಾನಿಸಬೇಕು. ಬಿಹಾರದ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ ಕರಡು ಪಟ್ಟಿಯಿಂದ ಹೊರಗುಳಿದ ಸುಮಾರು 65 ಲಕ್ಷ ಹೆಸರುಗಳನ್ನು ಕಾರಣ ಸಹಿತ ಪ್ರಕಟಿಸುವಂತೆ 2025ರ ಆಗಸ್ಟ್ 14ರಂದು ಅದೇ ನ್ಯಾಯಾಲಯ ನಿರ್ದೇಶಿಸಿದ್ದರ ಹಿಂದೆಯೂ ಇದೇ ತತ್ತ್ವವಿದೆ ಎಂದು ನಾನು ಭಾವಿಸುತ್ತೇನೆ. ಕಾರಣ ಗೊತ್ತಾಗದೆ ಯಾರೂ ಉತ್ತರ ಕೊಡಲಾರರು.

ನೋಂದಣಾಧಿಕಾರಿಯ ಆದೇಶದ ವಿರುದ್ಧ 15 ದಿನಗಳೊಳಗೆ ಜಿಲ್ಲಾಧಿಕಾರಿಗೆ, ಅಲ್ಲಿಯ ಆದೇಶದ ವಿರುದ್ಧ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ನಿಮ್ಮ ಸಂದರ್ಭದಲ್ಲಿ ಆ ಅವಧಿ ದಾಟಿಹೋಗಿರುವುದರಿಂದ ಮೇಷ್ಟ್ರು ಹೇಳಿದಂತೆ ನಮೂನೆ 6 ನೇರ ದಾರಿ. ಆದರೆ ಒಂದು ಎಚ್ಚರಿಕೆ. 2022ರಲ್ಲಿ ಬದಲಾದ ಈ ನಮೂನೆಯ ಘೋಷಣೆಯಲ್ಲಿ ‘ಮೊದಲ ಬಾರಿಗೆ’ ಸೇರ್ಪಡೆ ಕೋರುತ್ತಿದ್ದೇನೆ ಎಂಬ ಅರ್ಥದ ಮಾತಿದೆ. ಸುಳ್ಳು ಘೋಷಣೆಗೆ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಶಿಕ್ಷೆಯಿದೆ. ತಾಯಿಯವರ ಹಳೆಯ ಗುರುತಿನ ಚೀಟಿಯ (ಎಪಿಕ್) ಸಂಖ್ಯೆ, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಹೆಸರು ತಪ್ಪಾಗಿ ಅಳಿಸಿಹೋದ ಸಂಗತಿ ಇಷ್ಟನ್ನೂ ಬರೆದ ಒಂದು ಪತ್ರವನ್ನು ಅರ್ಜಿಯೊಡನೆ ಲಗತ್ತಿಸಿ, ಅದಕ್ಕೂ ಸ್ವೀಕೃತಿ ಪಡೆಯಿರಿ. ಆಗ ಮುಂದೆ ಯಾರೂ ಬೆರಳು ತೋರಿಸುವಂತಿರುವುದಿಲ್ಲ.

ಜೊತೆಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ. ಶುಲ್ಕ 10 ರೂಪಾಯಿ, ಉತ್ತರ ಕೊಡಲು 30 ದಿನಗಳ ಗಡುವು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದಗಳ ಒಳಗಿರಬೇಕು, ಆದ್ದರಿಂದ ಕಥೆ ಬರೆಯದೆ ಮೂರೇ ದಾಖಲೆಗಳನ್ನು ಕೇಳಿ: ಹೆಸರು ತೆಗೆಯಲು ಆಧಾರವಾದ ನಮೂನೆ 7 ಅಥವಾ ವರದಿಯ ಪ್ರತಿ, ತಾಯಿಯವರಿಗೆ ಕಳುಹಿಸಿದ ನೋಟಿಸ್ ಮತ್ತು ಅದು ತಲುಪಿದ್ದಕ್ಕೆ ದಾಖಲೆ, ಅಂತಿಮ ಆದೇಶದ ಪ್ರತಿ. ಪಟ್ಟಿ ತಯಾರಿಕೆಯಲ್ಲಿ ಕರ್ತವ್ಯಲೋಪ ಎಸಗಿದ ಅಧಿಕಾರಿಗೆ ಮೂರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷದವರೆಗಿನ ಸೆರೆವಾಸ ವಿಧಿಸಬಹುದೆಂದು 32ನೇ ಸೆಕ್ಷನ್ ಹೇಳುತ್ತದೆ. ಅದನ್ನು ಬಳಸಿ ಯಾರನ್ನೋ ಜೈಲಿಗೆ ಕಳುಹಿಸಿ ಎಂದು ನಾನು ಹೇಳುತ್ತಿಲ್ಲ. ನ್ಯಾಯಾಲಯ ಕೂಡ ಆಯೋಗ ಅಥವಾ ಮುಖ್ಯ ಚುನಾವಣಾಧಿಕಾರಿಯ ಅಧಿಕಾರದಡಿ ಬಂದ ದೂರಿಲ್ಲದೆ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಕಡತದಲ್ಲಿ ನೋಟಿಸ್ ಇಲ್ಲ ಎಂಬುದು ಬರವಣಿಗೆಯಲ್ಲಿ ಬಂದರೆ, ಮುಂದಿನ ಬಾರಿ ಆ ಮೇಜಿನವರು ಇನ್ನೊಬ್ಬರ ಹೆಸರಿನ ಮೇಲೆ ಗೆರೆ ಎಳೆಯುವ ಮೊದಲು ಯೋಚಿಸುತ್ತಾರೆ.

ಮರಳುನಾಡಿನ ಕನ್ನಡಿಗ:

ದುಬೈನಲ್ಲಿರುವ ನನ್ನಂಥವರಿಗೂ ಉಪಯೋಗವಾಗಬಹುದೆಂದು ಒಂದು ಮಾತು. ಭಾರತದ ಪಾಸ್‌ಪೋರ್ಟ್ ಉಳ್ಳವರು, ಬೇರೆ ದೇಶದ ಪೌರತ್ವ ಪಡೆಯದವರು, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದ ಕ್ಷೇತ್ರದಲ್ಲಿ ನಮೂನೆ 6ಎ ಮೂಲಕ ಸಾಗರೋತ್ತರ ಮತದಾರರಾಗಿ ಹೆಸರು ಸೇರಿಸಬಹುದು. ಆದರೆ ಮತ ಹಾಕಲು ಮೂಲ ಪಾಸ್‌ಪೋರ್ಟಿನೊಡನೆ ಊರಿನ ಮತಗಟ್ಟೆಗೇ ಬರಬೇಕು. ನನ್ನ ಸ್ನೇಹಿತರೊಬ್ಬರು ಊರಿನಲ್ಲಿದ್ದ ಹೆಸರನ್ನು ಹಾಗೆಯೇ ಬಿಟ್ಟು ಬೆಂಗಳೂರಿನ ಬಾಡಿಗೆ ಮನೆಯ ವಿಳಾಸಕ್ಕೆ ಮತ್ತೊಂದು ನಮೂನೆ 6 ಹಾಕಿ ಎರಡು ಕಡೆ ಹೆಸರು ಮಾಡಿಕೊಂಡಿದ್ದರು. ಕಾನೂನು ಅದನ್ನು ಒಪ್ಪುವುದಿಲ್ಲ. ಮನೆ ಬದಲಿಸಿದವರು ನಮೂನೆ 8 ಹಾಕಿ ಹೆಸರನ್ನು ವರ್ಗಾಯಿಸಿಕೊಳ್ಳಬೇಕು. ಹೊಳೆದಂಡೆಯವರೇ, ನಿಮ್ಮ ತಾಯಿಯ ಹೆಸರು ಬಂದ ದಿನ ಇಲ್ಲಿ ತಪ್ಪದೆ ತಿಳಿಸಿ.

ಹೊಳೆದಂಡೆ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನಡೆದುದನ್ನು ಇದ್ದಂತೆಯೇ ತಿಳಿಸುತ್ತೇನೆ.

ಅಮ್ಮನನ್ನು ಕರೆದುಕೊಂಡು ಹೋಗಿ ನಮೂನೆ 6ನ್ನು ಕಾಗದದಲ್ಲಿಯೇ ಕೊಟ್ಟೆವು. ಕರಿಕೋಟು ಅವರು ಹೇಳಿದ ಪತ್ರವನ್ನೂ, ಆಸ್ಪತ್ರೆಯ ಬಿಡುಗಡೆ ಪತ್ರದ ಪ್ರತಿಯನ್ನೂ, ವಿದ್ಯುತ್ ಬಿಲ್ಲನ್ನೂ ಲಗತ್ತಿಸಿದೆವು. ಗುಮಾಸ್ತರು ಅರ್ಜಿಯನ್ನು ತೆಗೆದುಕೊಂಡು, ಆಯಿತು ಹೋಗಿ ಎಂದರು. ಮೇಷ್ಟ್ರ ಮಾತು ನೆನಪಾಗಿ, ಸ್ವೀಕೃತಿ ಬೇಕೆಂದು ಅಲ್ಲಿಯೇ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಸಹಿ ಮಾಡಿ ಕೊಟ್ಟರು. ಹನ್ನೆರಡು ದಿನಗಳ ನಂತರ ಹೊಸ ಬಿಎಲ್‌ಒ, ನಮ್ಮೂರಿನ ಅಂಗನವಾಡಿ ಕಾರ್ಯಕರ್ತೆ, ಮನೆಗೆ ಬಂದು ಅಮ್ಮನನ್ನು ನೋಡಿ, ಮಾತನಾಡಿಸಿ ವರದಿ ಬರೆದುಕೊಂಡು ಹೋದರು. ಅವರು ತೋರಿದ ಗೌರವವನ್ನು ಇಲ್ಲಿ ದಾಖಲಿಸಲೇಬೇಕು.

ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರವೂ ಬಂತು. ಬಾಗಿಲಿಗೆ ಬೀಗ, ವಾಸವಿಲ್ಲ ಎಂದು ಎರಡು ಸಾಲಿನ ವರದಿಯ ಪ್ರತಿಯನ್ನು ಕೊಟ್ಟಿದ್ದಾರೆ. ನೋಟಿಸಿನ ಪ್ರತಿ ಕೇಳಿದ್ದಕ್ಕೆ ‘ಕಡತದಲ್ಲಿ ಲಭ್ಯವಿರುವುದಿಲ್ಲ’ ಎಂದು ಬರೆದಿದ್ದಾರೆ. ಆ ಉತ್ತರದ ಪ್ರತಿಯನ್ನು ಲಗತ್ತಿಸಿ ಜಿಲ್ಲಾಧಿಕಾರಿಗಳಿಗೂ ಮುಖ್ಯ ಚುನಾವಣಾಧಿಕಾರಿಗಳ ಕಚೇರಿಗೂ ದೂರು ಕಳುಹಿಸಿದ್ದೇನೆ. ಯಾರಿಗೂ ಶಿಕ್ಷೆಯಾಗಲಿ ಎಂದು ಕೇಳಿಲ್ಲ. ನಮ್ಮ ಭಾಗದಲ್ಲಿ ಆ ಅವಧಿಯಲ್ಲಿ ‘ಎಸ್’ ಎಂದು ಅಳಿಸಿದ ಪ್ರತಿಯೊಂದು ಹೆಸರನ್ನೂ ಮನೆಗೆ ಹೋಗಿ ಮತ್ತೆ ಪರಿಶೀಲಿಸಬೇಕೆಂದು ಕೇಳಿದ್ದೇನೆ. ಹೀಗೆ ಕೇಳಲು ಕಾರಣವಿದೆ. ಪಟ್ಟಿಯನ್ನು ಡೌನ್‌ಲೋಡ್ ಮಾಡಿ ನಮ್ಮ ಕೇರಿಯ ಹೆಸರುಗಳನ್ನು ಅಮ್ಮನಿಗೆ ಓದಿ ಹೇಳುತ್ತಿದ್ದಾಗ, ಇನ್ನೂ ಮೂವರು ಹೆಂಗಸರ ಹೆಸರಿನ ಮೇಲೆ ಅದೇ ಗುರುತಿರುವುದು ಕಂಡಿತು. ಒಬ್ಬರು ಸೊಸೆಯ ಬಾಣಂತನಕ್ಕೆ ಹೋಗಿದ್ದವರು, ಇಬ್ಬರು ಕಾಫಿ ಸೀಮೆಗೆ ಕೊಯ್ಲಿನ ಕೆಲಸಕ್ಕೆ ಹೋಗಿ ಬಂದವರು. ಮೂವರೂ ಈಗ ಊರಿನಲ್ಲಿಯೇ ಇದ್ದಾರೆ, ತಮ್ಮ ಹೆಸರು ಹೋಗಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಅವರ ಅರ್ಜಿಗಳನ್ನು ಕಳೆದ ವಾರ ಕೊಟ್ಟೆವು, ಮೂರು ಸ್ವೀಕೃತಿಗಳೂ ಅವರವರ ಕೈಯಲ್ಲಿವೆ.

ಅಣ್ಣನಿಗೆ ಮಸ್ಟರಿಂಗ್ ರಾತ್ರಿ ಅವರ ಉತ್ತರವನ್ನು ಓದಿ ಹೇಳಿದೆ. ಟೆಂಡರ್ಡ್ ಮತಪತ್ರ ಎಂಬ ಮಾತನ್ನು ಎರಡು ಸಲ ಹೇಳಿಸಿಕೊಂಡು ನೆನಪಿಟ್ಟುಕೊಂಡಿದ್ದಾನೆ.

ಅಮ್ಮನ ಹೆಸರು ಪಟ್ಟಿಗೆ ಬಂದಿದೆ. ಆದರೆ ಅಪ್ಪನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಾಗಿ ಅಚ್ಚಾಗಿದೆ. ಅಷ್ಟಕ್ಕೇನು ಬಿಡು ಎಂದು ನಾನೆಂದರೂ ಅಮ್ಮ ಒಪ್ಪಲಿಲ್ಲ. ನಿನ್ನೆ ನಮೂನೆ 8ನ್ನೂ ಹಾಕಿ ಬಂದೆವು. ಆ ಸ್ವೀಕೃತಿಯನ್ನು ಅಮ್ಮ ತಾವೇ ಮಡಿಸಿ, ರೇಷನ್ ಕಾರ್ಡಿರುವ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾರೆ.